ಗೋಧಿ ಎಲ್ಲರ ಶತ್ರುವಲ್ಲ. ಆದರೆ ಸೀಲಿಯಾಕ್ ಇದ್ದವರಿಗೆ ‘ಸ್ವಲ್ಪ’ವೂ ಬೇಡ



ಹೃದಯದ ಡಾಕ್ಟರು ಈ ವಾರ ಗೋಧಿಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಎರಡು ಕಾರಣಗಳಿವೆ. ‘ಗೋಧಿಯೇ ವಿಷ, ಚಪಾತಿ ಬಿಟ್ಟರೆ ಹಾರ್ಟ್ ಬ್ಲಾಕ್ ಕರಗುತ್ತದೆ’ ಎನ್ನುವ ಸಂದೇಶಗಳು ನಿಮ್ಮ ಗ್ರೂಪುಗಳಿಗೂ ಬಂದಿರುತ್ತವೆ. ಅದು ಒಂದು. ಇನ್ನೊಂದು, ಎದೆ ಡವಡವ ಎನ್ನುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ನಮ್ಮ ಬಳಿ ಬರುವವರಲ್ಲಿ ಕೆಲವರ ಇಸಿಜಿ, ಎಕೋ ಎಲ್ಲಾ ಸರಿಯಾಗಿಯೇ ಇರುತ್ತವೆ. ಹಿಮೋಗ್ಲೋಬಿನ್ ಮಾತ್ರ 7 ಅಥವಾ 8. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಏರಿರುವುದಿಲ್ಲ. ಹುಡುಕುತ್ತಾ ಹೋದರೆ ತೊಂದರೆಯ ಮೂಲ ಹೃದಯದಲ್ಲಿ ಇರುವುದಿಲ್ಲ, ಸಣ್ಣ ಕರುಳಿನಲ್ಲಿ ಇರುತ್ತದೆ. ಅಂಥ ಕೆಲವರ ಕಾಯಿಲೆಯ ಹೆಸರು ಸೀಲಿಯಾಕ್.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಲುಟೆನ್ ಬಿಡಬೇಕಾದವರು ಪೂರ್ತಿಯಾಗಿ ಬಿಡಬೇಕು. ಬಿಡಬೇಕಾಗಿಲ್ಲದವರು ಫ್ಯಾಷನ್ನಿಗಾಗಿ ಬಿಡುವುದು ಬೇಡ. ಮತ್ತು ಸೀಲಿಯಾಕ್ ಇರುವವರ ಪಥ್ಯ ಅವರೊಬ್ಬರ ಹೊಣೆಯಲ್ಲ, ಅದು ಇಡೀ ಅಡುಗೆಮನೆಯ ಹೊಣೆ.

*ಇದು ಅಲರ್ಜಿ ಅಲ್ಲ, ಅಜೀರ್ಣವೂ ಅಲ್ಲ*

ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಇರುವ ಪ್ರೋಟೀನ್ ಗ್ಲುಟೆನ್. ಸೀಲಿಯಾಕ್ ಇರುವವರು ಇದನ್ನು ತಿಂದಾಗ ಅವರ ರೋಗನಿರೋಧಕ ವ್ಯವಸ್ಥೆ ತಮ್ಮದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಆಹಾರವನ್ನು ಹೀರಿಕೊಳ್ಳಲು ಕರುಳಿನ ಒಳಗೋಡೆಯಲ್ಲಿ ಪುಟ್ಟ ಬೆರಳುಗಳಂಥ ರಚನೆಗಳಿವೆ. ಅವು ಸವೆದು ಚಪ್ಪಟೆಯಾಗುತ್ತವೆ. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇಲ್ಲ, ಬರೀ ರಕ್ತಹೀನತೆ, ಸುಸ್ತು, ಮೂಳೆ ಸವೆತ, ಬಾಯಿಹುಣ್ಣು. ಮಕ್ಕಳಲ್ಲಿ ಎತ್ತರ, ತೂಕ ಏರುವುದಿಲ್ಲ. ಟೈಪ್ 1 ಡಯಾಬಿಟಿಸ್ ಮತ್ತು ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು.

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್‌ಲೆಂಡ್ಸಿನಲ್ಲಿ ಘೋರ ಆಹಾರ ಕೊರತೆಯಾಗಿ ಬ್ರೆಡ್ ಸಿಗದಂತಾಯಿತು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಅಲ್ಲಿನ ಮಕ್ಕಳ ತಜ್ಞ ವಿಲ್ಲೆಮ್ ಡಿಕೆ ಅವರ ನಂಬಿಕೆ ಆ ದಿನಗಳಲ್ಲಿ ಇನ್ನಷ್ಟು ಗಟ್ಟಿಯಾಯಿತು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು. ಇವತ್ತಿಗೂ ಈ ಕಾಯಿಲೆಗೆ ಮಾತ್ರೆ ಇಲ್ಲ. ಊಟವೇ ಔಷಧಿ.

*‘ನಮ್ಮ ಕಡೆಯವರಿಗೆ ಇದೆಲ್ಲ ಬರುವುದಿಲ್ಲ’ ಎನ್ನಬೇಡಿ*

2011ರಲ್ಲಿ ಪ್ರಕಟವಾದ, ದೆಹಲಿ ಸುತ್ತಮುತ್ತಲ ಜನರ ಮೇಲಿನ ಅಧ್ಯಯನವೊಂದು ಸುಮಾರು 100 ಜನರಲ್ಲಿ ಒಬ್ಬರಿಗೆ ಸೀಲಿಯಾಕ್ ಇದೆ ಎಂದು ತೋರಿಸಿತು. 2016ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಸೀಲಿಯಾಕ್‌ನ ಆಂಟಿಬಾಡಿ ಉತ್ತರ ಭಾರತದಲ್ಲಿ ಶೇ. 1.23 ಜನರಲ್ಲಿ, ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಕಂಡಿತು. ಆದರೆ ಈ ಕಾಯಿಲೆಗೆ ದಾರಿ ಮಾಡುವ ಜೀನ್‌ಗಳು ಎರಡೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಇದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸುಮಾರು 450 ಗ್ರಾಂ ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು ತಿನ್ನುತ್ತಿದ್ದದ್ದು ಸುಮಾರು 25 ಗ್ರಾಂ. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೂ ಇಲ್ಲ. ಆದರೆ ದೆಹಲಿ, ಪುಣೆ, ಮುಂಬಯಿಯಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ರಾತ್ರಿಯೂಟ ಅಂದರೆ ಚಪಾತಿ ಎಂದಾಗಿದೆ. ‘ಅದು ಪಂಜಾಬಿಗಳ ಕಾಯಿಲೆ’ ಎಂದು ಪಕ್ಕಕ್ಕಿಡುವ ಹಾಗಿಲ್ಲ.

*ಮೊದಲು ಪರೀಕ್ಷೆ, ಆಮೇಲೆ ಪಥ್ಯ*

ಅನುಮಾನ ಬಂದ ಕೂಡಲೇ ಗೋಧಿ ಬಿಡಬೇಡಿ. ಇದು ಬಹಳ ಮುಖ್ಯ. ಗೋಧಿ ಬಿಟ್ಟರೆ ಆಂಟಿಬಾಡಿ ಇಳಿಯುತ್ತದೆ, ಕರುಳು ಮಾಯಲು ಶುರುವಾಗುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಮತ್ತು ಜೊತೆಗೆ ಒಟ್ಟು ಐಜಿಎ ಮಾಡಿಸಿ. ಅದು ಪಾಸಿಟಿವ್ ಬಂದರೆ ಉದರರೋಗ ತಜ್ಞರು ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಆಂಟಿಬಾಡಿ ತುಂಬಾ ಹೆಚ್ಚಿರುವ ಕೆಲವು ಮಕ್ಕಳಲ್ಲಿ ಎಂಡೋಸ್ಕೋಪಿ ಇಲ್ಲದೆಯೂ ತಜ್ಞರು ನಿರ್ಧರಿಸಬಲ್ಲರು. ಜೀವನಪರ್ಯಂತ ಪಾಲಿಸಬೇಕಾದ ಪಥ್ಯ ಇದು. ಪುರಾವೆ ಇಲ್ಲದೆ ಶುರು ಮಾಡಿದರೆ ಎರಡು ವರ್ಷದ ನಂತರ ‘ನಿಜವಾಗಿಯೂ ಇತ್ತಾ?’ ಎಂಬ ಸಂಶಯ ಬಂದು ಪಥ್ಯ ಮುರಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

*‘ಒಂದು ತುತ್ತು ತಿಂದರೆ ಏನಾಗುತ್ತೆ?’*

ಈ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಹೆಚ್ಚಿನ ರೋಗಿಗಳಿಗೆ ಹಾನಿ ಮಾಡಲಿಕ್ಕಿಲ್ಲ. ದಿನವೂ 50 ಮಿಲಿಗ್ರಾಂ ಒಳಗೆ ಹೋದರೆ ಕರುಳು ಹಾಳಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಒಂದು ಸಾಧಾರಣ ಬ್ರೆಡ್ ಸ್ಲೈಸಿನಲ್ಲಿ ಸುಮಾರು 2,000 ಮಿಲಿಗ್ರಾಂ ಇರುತ್ತದೆ. ಅಂದರೆ ಒಂದು ಸ್ಲೈಸಿನ 200ನೇ ಒಂದು ಭಾಗಕ್ಕೇ ಮಿತಿ ಮುಗಿಯಿತು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದ್ದು. ‘ಪ್ರಸಾದ ಅಲ್ವಾ, ಒಂದು ಚಿಟಿಕೆ’ ಎಂದು ಕೈಗೆ ಹಾಕುವ ಪ್ರೀತಿ ಆ ಕರುಳಿಗೆ ಅರ್ಥವಾಗುವುದಿಲ್ಲ. ಅವರಿಗೆ ಬಾಳೆಹಣ್ಣು ಕೊಡಿ, ಪಂಚಾಮೃತ ಕೊಡಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ತಿಂದ ತಕ್ಷಣ ಏನೂ ಆಗದೆ ಇರಬಹುದು. ಅದೇ ಅಪಾಯ. ನೋವು ಇಲ್ಲ ಎಂದರೆ ಹಾನಿ ಇಲ್ಲ ಎಂದಲ್ಲ.

*ಅಡಗಿ ಕುಳಿತ ಗ್ಲುಟೆನ್*

ಚಪಾತಿ, ಪೂರಿ, ಬ್ರೆಡ್ ಬಿಡಬೇಕು ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇವು:

1. ಇಂಗು. ಅಂಗಡಿಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಹಲವು ಬಾರಿ ಗೋಧಿ ಹಿಟ್ಟು ಬೆರೆತಿರುತ್ತದೆ. ಸಾರಿನ ಪುಡಿ, ಹುಳಿ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಎಲ್ಲದರಲ್ಲೂ ಇಂಗು ಇದೆ. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಫ್ರೀ ಎಂದು ಬರೆದ ಇಂಗನ್ನೇ ತನ್ನಿ.
2. ರವೆ. ಬಾಂಬೆ ರವೆ, ಚಿರೋಟಿ ರವೆ ಎರಡೂ ಗೋಧಿಯೇ. ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ಹೋಳಿಗೆಯ ಕಣಕ, ಮದ್ದೂರು ವಡೆ, ಗೋಳಿಬಜೆ ಯಾವುದೂ ನಡೆಯುವುದಿಲ್ಲ. ಶ್ಯಾವಿಗೆ ಅಕ್ಕಿಯದ್ದಾದರೆ ಮಾತ್ರ ಸರಿ.
3. ಖಪ್ಲಿ ಗೋಧಿ, ಅಂದರೆ ನಮ್ಮ ಉತ್ತರ ಕರ್ನಾಟಕದ ಸದಕ, ಜವೆಗೋಧಿ. ‘ಹಳೇ ತಳಿ, ಆರೋಗ್ಯಕ್ಕೆ ಒಳ್ಳೆಯದು’ ಎಂದು ಪುಣೆ, ಮುಂಬಯಿಯಲ್ಲಿ ಮಾರುತ್ತಾರೆ. ಸೀಲಿಯಾಕ್ ಇದ್ದವರಿಗೆ ಅದೂ ಗೋಧಿಯೇ. ಮೊಳಕೆ ಬರಿಸಿದರೂ, ಹುದುಗು ಬರಿಸಿದರೂ ಗೋಧಿಯೇ.
4. ಮಾಲ್ಟ್ ಎಂದು ಬರೆದ ಪೇಯಗಳು. ಮಾಲ್ಟ್ ಸಾಮಾನ್ಯವಾಗಿ ಬಾರ್ಲಿಯದ್ದು. ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಬೇರೆ, ಅದು ಸುರಕ್ಷಿತ. ಬಿಯರ್ ಕೂಡ ಬಾರ್ಲಿಯದ್ದೇ.
5. ಸೋಯಾ ಸಾಸ್, ಪ್ಯಾಕೆಟ್ ಸೂಪ್, ಹೋಟೆಲಿನ ಮಂಚೂರಿಯನ್, ಮರಾಠಿಗರ ಥಾಲೀಪೀಠದ ಭಾಜಣಿ, ಹೈದರಾಬಾದಿನ ಹಲೀಮ್. ಇವುಗಳಲ್ಲಿ ಗೋಧಿ ಇರುತ್ತದೆ ಅಥವಾ ಇರಬಹುದು.
6. ಓಟ್ಸ್. ಶುದ್ಧ ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತದೆ, ಆದರೆ ಸಾಮಾನ್ಯ ಪ್ಯಾಕೆಟ್ಟಿನಲ್ಲಿ ಗೋಧಿ ಬೆರಕೆ ಇರಬಹುದು. ಗ್ಲುಟೆನ್ ಫ್ರೀ ಓಟ್ಸ್ ಅನ್ನೂ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಹಿಟ್ಟಿನ ಗಿರಣಿ. ಅಕ್ಕಿ, ಜೋಳ, ರಾಗಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಅದೇ ಗಿರಣಿಯಲ್ಲಿ ಬೀಸಿಸಿದರೆ ಇಲ್ಲದ್ದು ಬಂದು ಸೇರುತ್ತದೆ. ಇಡೀ ಧಾನ್ಯ ತಂದು, ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಪುಡಿ ಮಾಡಿ. ಇದೇ ಕಾಯಿಲೆ ಇರುವ ಒಂದೆರಡು ಮನೆಗಳು ಸೇರಿ ಚಿಕ್ಕ ಗಿರಣಿ ಕೊಂಡರೂ ಆದೀತು. ಪ್ಯಾಕೆಟ್ ಹಿಟ್ಟಾದರೆ ಲೇಬಲ್ ನೋಡಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್ ಫ್ರೀ ಎಂದು ಬರೆಯಬಹುದು. ಮನೆಯಲ್ಲಿ ಪ್ರತ್ಯೇಕ ಮಣೆ-ಲಟ್ಟಣಿಗೆ, ಕಾವಲಿ, ಜರಡಿ ಇರಲಿ. ಚಪಾತಿಗೆ ಮೊದಲೇ ಅವರ ರೊಟ್ಟಿ ಆಗಲಿ. ಪೂರಿ ಕರಿದ ಎಣ್ಣೆಯಲ್ಲಿ ಅವರ ಹಪ್ಪಳ ಕರಿಯಬೇಡಿ.

*ಕನ್ನಡಿಗರ ಪುಣ್ಯ*

ಈ ಪಥ್ಯ ಕನ್ನಡದ ಮನೆಗೆ ಅಷ್ಟೇನೂ ಕಷ್ಟವಲ್ಲ ಎನ್ನುವುದೇ ಸಮಾಧಾನ. ಮುದ್ದೆ, ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ, ಕಡುಬು, ಇಡ್ಲಿ, ಅವಲಕ್ಕಿ, ಕೋಸಂಬರಿ, ನವಣೆ ಅನ್ನ, ಸಾಮೆ ಪೊಂಗಲ್. ನಮ್ಮ ಅಜ್ಜಿಯರು ಗ್ಲುಟೆನ್ ಎಂಬ ಪದ ಕೇಳದೆಯೇ ದಿನವಿಡೀ ಗ್ಲುಟೆನ್ ಇಲ್ಲದ ಅಡುಗೆ ಮಾಡುತ್ತಿದ್ದರು. ದೆಹಲಿಯಲ್ಲಿದ್ದರೆ ರಾಜ್ಮಾ-ಅನ್ನ, ಶುದ್ಧವಾದ ಕುಟ್ಟು ಹಿಟ್ಟು. ಮುಂಬಯಿಯಲ್ಲಿ ಸಾಬುದಾಣಾ ಖಿಚಡಿ, ಪುಣೆಯಲ್ಲಿ ಭಾಕರಿ ಸೇರಿಸಿಕೊಳ್ಳಿ. ದುಬಾರಿ ಬೆಲೆಯ ಗ್ಲುಟೆನ್ ಫ್ರೀ ಬಿಸ್ಕೆಟ್ ಇಲ್ಲದೆಯೂ ಬದುಕು ಚೆನ್ನಾಗಿಯೇ ನಡೆಯುತ್ತದೆ.

*ಈಗ ಹೃದಯದ ಮಾತು*

2023ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಸೀಲಿಯಾಕ್ ಇರುವವರಿಗೆ ಹೃದಯ-ರಕ್ತನಾಳದ ಕಾಯಿಲೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಕಾಲು ಭಾಗ ಹೆಚ್ಚು ಕಂಡಿತು. ಅವರ ತೂಕ, ಬಿಪಿ, ಕೊಲೆಸ್ಟರಾಲ್ ಒಟ್ಟಾರೆ ಚೆನ್ನಾಗಿದ್ದರೂ ಹೀಗೆ. ಆದ್ದರಿಂದ ‘ನಾನು ಸಣ್ಣಗಿದ್ದೇನೆ, ನನಗೇನು ಹಾರ್ಟ್ ಪ್ರಾಬ್ಲಂ’ ಎನ್ನಬೇಡಿ. ಪಥ್ಯ ಶುರುವಾದ ಮೇಲೆ ಕರುಳು ಮಾಯುತ್ತದೆ, ತಿಂದದ್ದು ಮೈಗೆ ಹತ್ತುತ್ತದೆ, ತೂಕವೂ ಏರುತ್ತದೆ. ಆಗ ಮೂರು ಹೊತ್ತೂ ಬಿಳಿ ಅನ್ನ, ಜೊತೆಗೆ ಸಕ್ಕರೆ-ಕೊಬ್ಬು ತುಂಬಿದ, ನಾರು ಇಲ್ಲದ ಪ್ಯಾಕೆಟ್ ತಿಂಡಿ ತಿಂದರೆ ಕರುಳು ಉಳಿದೀತು, ಹೃದಯಕ್ಕೆ ಪೆಟ್ಟು. ಸಿರಿಧಾನ್ಯ, ಕಾಳು, ಸೊಪ್ಪು, ಹಣ್ಣು, ನಡಿಗೆ ಇವೂ ಪಥ್ಯದ ಭಾಗವೇ.

ಹಾಗಾದರೆ ಸೀಲಿಯಾಕ್ ಇಲ್ಲದವರು ಹೃದಯಕ್ಕಾಗಿ ಗೋಧಿ ಬಿಡಬೇಕೇ? ಬೇಡ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವು ಅಮೆರಿಕದ 1,10,000 ಆರೋಗ್ಯ ಸಿಬ್ಬಂದಿಯನ್ನು 26 ವರ್ಷ ಗಮನಿಸಿತು. ಗ್ಲುಟೆನ್ ಕಡಿಮೆ ತಿಂದವರಿಗೆ ಹೃದಯಾಘಾತ ಕಡಿಮೆಯಾಗಲಿಲ್ಲ. ಗೋಧಿ ಬಿಡುವ ಭರದಲ್ಲಿ ತವುಡು, ನಾರು ಇರುವ ಇಡೀ ಧಾನ್ಯ ಕಡಿಮೆಯಾದರೆ ನಷ್ಟವೇ. 2011ರಲ್ಲಿ ‘ವೀಟ್ ಬೆಲ್ಲಿ’ ಪುಸ್ತಕ ಬರೆದು ಗೋಧಿಯ ವಿರುದ್ಧ ಅಲೆ ಎಬ್ಬಿಸಿದ ವಿಲಿಯಂ ಡೇವಿಸ್ ಕೂಡ ಹೃದ್ರೋಗ ತಜ್ಞರೇ. ನನ್ನ ವೃತ್ತಿಯವರು ಹೇಳಿದರು ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪಲಾರೆ. ಈ ಫ್ಯಾಷನ್ನಿನಿಂದ ಇನ್ನೊಂದು ಹಾನಿಯಿದೆ. ತೂಕ ಇಳಿಸಲು ಗ್ಲುಟೆನ್ ಬಿಟ್ಟವರು ಮದುವೆಮನೆಯಲ್ಲಿ ‘ಇವತ್ತೊಂದಿನ ಪರವಾಗಿಲ್ಲ’ ಎಂದು ಹೋಳಿಗೆ ತಿನ್ನುತ್ತಾರೆ. ಅದನ್ನು ನೋಡಿದವರು ನಿಜವಾದ ರೋಗಿಗೂ ಅದೇ ಒತ್ತಾಯ ಮಾಡುತ್ತಾರೆ.

*ಮನೆಯವರಿಗೆ ನನ್ನ ಕೋರಿಕೆ*

ನನಗೆ ಅತಿ ಹೆಚ್ಚು ಚಿಂತೆ ಹೆಣ್ಣುಮಕ್ಕಳದ್ದು. ಸಂಬಂಧ ಕೂಡಿಬರುವುದಿಲ್ಲ ಎಂದು ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಆಕೆ ಹೊಸ ಮನೆಯಲ್ಲಿ ಬಾಯಿ ಬಿಡಲಾಗದೆ ಎಲ್ಲರ ಜೊತೆ ಚಪಾತಿ ತಿನ್ನುತ್ತಾಳೆ. ಚಿಕಿತ್ಸೆ ಇಲ್ಲದ ಸೀಲಿಯಾಕ್‌ನಿಂದ ರಕ್ತಹೀನತೆ, ಗರ್ಭ ನಿಲ್ಲುವಲ್ಲಿ ತೊಂದರೆ, ಗರ್ಭಪಾತ ಆಗಬಹುದು. ಆಮೇಲೆ ಅದಕ್ಕೂ ಆಕೆಯನ್ನೇ ದೂರುತ್ತಾರೆ. ಮದುವೆಗೆ ಮುಂಚೆಯೇ ಹೇಳಿ. ಹೇಳಿಸಿಕೊಂಡವರು ಇದನ್ನು ದೋಷ ಎನ್ನಬೇಡಿ. ರೊಟ್ಟಿ ತಿಂದು ಆರೋಗ್ಯವಾಗಿರುವ ಸೊಸೆಯಲ್ಲಿ ಕೊರತೆ ಏನಿದೆ?

ಮಗುವಿಗೆ ಸೀಲಿಯಾಕ್ ಇದ್ದರೆ ಅದನ್ನು ಪಂಕ್ತಿಯಿಂದ ಎಬ್ಬಿಸಬೇಡಿ. ವಾರದಲ್ಲಿ ಕೆಲವು ದಿನವಾದರೂ ಎಲ್ಲರೂ ಅದರ ಊಟವನ್ನೇ ಉಣ್ಣಿ. ಶಾಲೆಯ ಟೀಚರಿಗೆ ಒಂದು ಚೀಟಿ ಬರೆದುಕೊಡಿ. ಹುಟ್ಟುಹಬ್ಬಕ್ಕೆ ಹೋಗುವಾಗ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಕಳುಹಿಸಿ. ಕನ್ನಡ ಸಂಘಗಳ ರಾಜ್ಯೋತ್ಸವ, ಯುಗಾದಿ ಊಟದಲ್ಲಿ ಗೋಧಿ ಮುಟ್ಟದ ಒಂದು ಚಿಕ್ಕ ಬಡಿಸುವ ಮೇಜು ಬೇರೆ ಸೌಟಿನೊಂದಿಗೆ ಇಟ್ಟರೆ ಎಷ್ಟೋ ಕುಟುಂಬಗಳು ನಿಶ್ಚಿಂತೆಯಿಂದ ಬರುತ್ತವೆ.

ಪಥ್ಯ ಶುರುವಾದ ಮೇಲೂ ವೈದ್ಯರನ್ನು ಬಿಡಬೇಡಿ. ಸಾಮಾನ್ಯವಾಗಿ ಮೊದಲ ವರ್ಷ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ, ಹಿಮೋಗ್ಲೋಬಿನ್, ಕಬ್ಬಿಣ, ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿ. ಮೂಳೆ ಸಾಂದ್ರತೆಯನ್ನೂ, 40 ದಾಟಿದವರು ಬಿಪಿ, ಸಕ್ಕರೆ, ಕೊಲೆಸ್ಟರಾಲನ್ನೂ ಮರೆಯಬೇಡಿ. ಕರುಳು ಸರಿಹೋದಂತೆ ಥೈರಾಯ್ಡ್ ಮಾತ್ರೆಯ ಡೋಸ್ ಬದಲಾಗಬಹುದು. ದೊಡ್ಡವರ ಕರುಳು ಪೂರ್ತಿ ಮಾಯಲು ಎರಡು ವರ್ಷವೋ ಇನ್ನೂ ಹೆಚ್ಚೋ ಬೇಕಾಗಬಹುದು. ತಾಳ್ಮೆ ಇರಲಿ.

ನಿಮಗೆ ಈ ಕಾಯಿಲೆ ಇಲ್ಲದಿರಬಹುದು. ಆದರೆ ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸುಸ್ತಾದ ಒಬ್ಬ ಅತ್ತಿಗೆ, ಎತ್ತರವೇ ಏರದ ಒಬ್ಬ ಮೊಮ್ಮಗ ನಿಮ್ಮ ಬಳಗದಲ್ಲಿ ಇರಬಹುದು. ಅವರಿಗೆ ಇದನ್ನು ಕಳುಹಿಸಿ. ಮುಂದಿನ ಬಾರಿ ಯಾರಾದರೂ ‘ನನಗೆ ಗೋಧಿ ಆಗುವುದಿಲ್ಲ’ ಎಂದರೆ ಕಾರಣ ಕೇಳುವ ಮೊದಲು ತಟ್ಟೆಗೆ ಅನ್ನ ಬಡಿಸಿ.

ಆರೋಗ್ಯವಾಗಿರಿ.

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.

_ಇದು ತಿಳಿವಳಿಕೆಗಾಗಿ ಬರೆದದ್ದು. ಪರೀಕ್ಷೆ ಮತ್ತು ಚಿಕಿತ್ಸೆಗೆ ನಿಮ್ಮ ವೈದ್ಯರನ್ನು ಕಾಣಿರಿ._