ತಲೆನೋವು ಯಾರಿಗೋ ಅವರಿಗೇ ಮುಂದಿನ ಸೀಟು!

"ನಾಳೆ ಬೆಳಿಗ್ಗೆ ಐದಕ್ಕೆಲ್ಲ ಹೊರಟುಬಿಡೋಣ, ಟ್ರಾಫಿಕ್ ಇರಲ್ಲ." ಯಜಮಾನರು ಹೀಗಂದ ಕೂಡಲೇ ಮಕ್ಕಳು ಕುಣಿದಾಡುತ್ತವೆ. ನಿಮಗೆ ಮಾತ್ರ ಆ ಕ್ಷಣದಿಂದಲೇ ಕಣ್ಣಿನ ಹಿಂದೆ ಸಣ್ಣಗೆ ಚುಚ್ಚಿದ ಹಾಗೆ. ಊರು ಬೇಡ ಅಂತಲ್ಲ, ದೇವರ ದರ್ಶನ ಬೇಡ ಅಂತಲೂ ಅಲ್ಲ. ಆ ಐದಾರು ಗಂಟೆಯ ಕಾರಿನ ಪ್ರಯಾಣ ಇದೆಯಲ್ಲ, ಅದನ್ನು ನೆನೆಸಿಕೊಂಡರೇ ಸಾಕು. ಹಾಸನ ದಾಟುವಷ್ಟರಲ್ಲಿ ತಲೆ ಭಾರ, ಸಕಲೇಶಪುರ ಬರುವಷ್ಟರಲ್ಲಿ ಸಿಡಿತ, ಘಾಟಿ ಇಳಿಯುವಾಗ ಹೊಟ್ಟೆ ತೊಳಸು. ಊರು ಮುಟ್ಟಿದ ಮೇಲೆ ಎಲ್ಲರೂ ಕಾಫಿ ಕುಡೀತಾ ಹರಟುತ್ತಿದ್ದರೆ ನೀವು ಒಳಮನೆಯಲ್ಲಿ ದೀಪ ಆರಿಸಿ, ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತೀರಿ.

ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ಗೆಳತಿಯೊಬ್ಬರ ತವರು ಶೃಂಗೇರಿಯ ಹತ್ತಿರದ ಒಂದು ಹಳ್ಳಿ. ನಾಲ್ಕು ವರ್ಷ ಅವರು ಆ ಕಡೆ ತಲೆ ಹಾಕಿರಲಿಲ್ಲ. ತಮ್ಮನ ಗೃಹಪ್ರವೇಶಕ್ಕೂ ಹೋಗಲಿಲ್ಲ. ಕೇಳಿದವರಿಗೆಲ್ಲ "ಮಕ್ಕಳಿಗೆ ಪರೀಕ್ಷೆ" ಅಂದರು. ತಾಯಿ ಫೋನಿನಲ್ಲಿ ಅತ್ತರಂತೆ, ಮಗಳಿಗೆ ದೊಡ್ಡಸ್ತಿಕೆ ಬಂತು ಅಂತ. ನಿಜವಾದ ಕಾರಣವನ್ನು ಒಂದು ದಿನ ಲಿಫ್ಟಿನ ಮುಂದೆ ನಿಂತು ನನಗೆ ಪಿಸುಮಾತಿನಲ್ಲಿ ಹೇಳಿದರು: "ಕಾರಲ್ಲಿ ತಲೆ ಒಡೆದುಹೋಗತ್ತೆ ಕಣ್ರೀ. ಹೇಳಿದ್ರೆ ನಗ್ತಾರೆ." ತಲೆನೋವನ್ನು ತಪ್ಪು ಮಾಡಿದವರ ಹಾಗೆ ಬಚ್ಚಿಟ್ಟುಕೊಳ್ಳುವುದು! ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಗುವವರಿಗೆ ಮೊದಲು ಒಂದು ಮಾತು. ಇದು ನಾಟಕ ಅಲ್ಲ, ನಾಜೂಕೂ ಅಲ್ಲ. ನಮ್ಮ ಒಳಕಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಒಂದು ವ್ಯವಸ್ಥೆ ಇದೆ. ಕಾರು ತಿರುಗಿದ್ದು, ಬ್ರೇಕ್ ಹಾಕಿದ್ದು, ಹಳ್ಳಕ್ಕೆ ಇಳಿದದ್ದು ಎಲ್ಲ ಅದಕ್ಕೆ ತಿಳಿಯುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಕೂತ ನಿಮ್ಮ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ, ಅದು ಅಲುಗಾಡುವುದಿಲ್ಲ. ಕಿವಿ "ಚಲಿಸ್ತಿದ್ದೀವಿ" ಅನ್ನುತ್ತೆ, ಕಣ್ಣು "ಇಲ್ಲ, ಸುಮ್ಮನೆ ಕೂತಿದ್ದೀವಿ" ಅನ್ನುತ್ತೆ. ಇವೆರಡರ ಜಗಳದಲ್ಲಿ ಮಿದುಳು ಗಲಿಬಿಲಿಗೊಂಡು ಓಕರಿಕೆ, ತಣ್ಣನೆ ಬೆವರು, ತಲೆನೋವು ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಈ ತೊಂದರೆ ಹೆಚ್ಚು. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ ಇನ್ನೂ ಹೆಚ್ಚು. ಇದರ ಜೊತೆಗೆ ಅರೆತಲೆನೋವು, ಅಂದರೆ ಮೈಗ್ರೇನ್, ಇದ್ದವರಿಗಂತೂ ಕಾರು ಹತ್ತುವುದೇ ಬೆಂಕಿಗೆ ತುಪ್ಪ ಸುರಿದ ಹಾಗೆ. ಮೈಗ್ರೇನ್ ಕೂಡ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಹಾಗಾಗಿ "ನನಗೇನೂ ಆಗಲ್ಲ, ನಿನಗೆ ಮಾತ್ರ ಯಾಕೆ?" ಅಂತ ಸ್ಟೀರಿಂಗ್ ಹಿಡಿದವರು ಕೇಳಿದರೆ ಉತ್ತರ ಇದೆ. ಸ್ಟೀರಿಂಗ್ ಹಿಡಿದವರಿಗೆ ಮುಂದೆ ತಿರುವು ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ, ಮೈ ಅದಕ್ಕೆ ತಯಾರಾಗಿರುತ್ತೆ. ಅವರನ್ನು ಅದೇ ಘಾಟಿಯಲ್ಲಿ ಹಿಂದೆ ಕೂರಿಸಿ, ಕೈಗೆ ಮೊಬೈಲು ಕೊಟ್ಟು ನೋಡಿ!

ಆದರೆ ಎಲ್ಲವನ್ನೂ ಒಳಕಿವಿಯ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಅರ್ಧ ತಲೆನೋವು ಹುಟ್ಟುವುದು ಕಾರಿನಲ್ಲಿ ಅಲ್ಲ, ಹಿಂದಿನ ರಾತ್ರಿ ಅಡುಗೆಮನೆಯಲ್ಲಿ. ಐದಕ್ಕೆ ಹೊರಡಬೇಕು ಅಂದರೆ ಮನೆಯವರು ಏಳುವುದು ನಾಲ್ಕೂವರೆಗೆ, ನಾವು ಏಳುವುದು ಮೂರಕ್ಕೆ. ಅದಕ್ಕೂ ಮುಂಚೆ ರಾತ್ರಿ ಹನ್ನೊಂದೂವರೆವರೆಗೆ ಬಟ್ಟೆ ಜೋಡಿಸುವುದು, ಪುಳಿಯೋಗರೆಗೆ ಗೊಜ್ಜು ಕುದಿಸುವುದು, ಹಾಲಿನವನಿಗೆ ಚೀಟಿ, ಗ್ಯಾಸ್ ಆಫ್, ತುಳಸಿಗೆ ನೀರು. ಮೂರೂವರೆ ಗಂಟೆ ನಿದ್ದೆ. ನಿದ್ದೆಗೆಟ್ಟರೆ ಮೈಗ್ರೇನ್ ಇದ್ದವರಿಗೆ ತಲೆನೋವು ಬರಲು ಕಾರೇ ಬೇಕಿಲ್ಲ. ಗಡಿಬಿಡಿಯಲ್ಲಿ ದಿನಾ ಕುಡಿಯುವ ಕಾಫಿ ತಪ್ಪುತ್ತದೆ. ಕಾಫಿಗೆ ಒಗ್ಗಿದ ಮೈಗೆ ಕೊನೆಯ ಲೋಟ ಇಳಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಇನ್ನೊಂದು ಸಿಗದಿದ್ದರೆ ತಲೆ ಹಿಡಿಯುತ್ತದೆ. ಸಂಜೆ ನಾಲ್ಕಕ್ಕೆ ಕುಡಿದದ್ದೇ ಕೊನೆಯದು ಅಂದುಕೊಳ್ಳಿ, ಬೆಳಿಗ್ಗೆ ಕಾರು ಊರು ದಾಟುವ ಹೊತ್ತಿಗೆ ಲೆಕ್ಕ ಸರಿಹೋಯಿತಲ್ಲ? ಇದು ಫಿಲ್ಟರ್ ಕಾಫಿಯ ಮನೆಗಳ ತಲೆನೋವು, ಇದಕ್ಕೆ ಮಾತ್ರೆ ಬೇಡ, ಫ್ಲಾಸ್ಕ್ ಸಾಕು.

ತಿಂಡಿಯದೂ ಅದೇ ಕಥೆ. "ವಾಂತಿ ಆಗತ್ತೆ, ಏನೂ ತಿನ್ನಲ್ಲ" ಅಂತ ಖಾಲಿ ಹೊಟ್ಟೆಯಲ್ಲಿ ಹತ್ತುವವರೇ ಹೆಚ್ಚು. ಖಾಲಿ ಹೊಟ್ಟೆ ತಲೆನೋವನ್ನು ಕರೆಯುತ್ತದೆ, ಓಕರಿಕೆಯನ್ನೂ ಬಿಡುವುದಿಲ್ಲ. ಹಾಗಂತ ಹೊರಡುವ ಮುಂಚೆ ಪೂರಿ ಸಾಗು ಬೇಡ. ಎರಡು ಇಡ್ಲಿಯೋ, ಸ್ವಲ್ಪ ಅವಲಕ್ಕಿ ಮೊಸರೋ, ಒಂದು ಬಾಳೆಹಣ್ಣೋ ಸಾಕು. ಎಣ್ಣೆ ಜಿಡ್ಡಿನದು ಊರು ಮುಟ್ಟಿದ ಮೇಲೆ ನೋಡಿಕೊಳ್ಳಿ.

ಇನ್ನು ನೀರು. ಇದನ್ನು ಬರೆಯಲೇಬೇಕು. ನಾವು ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲದೆ ಅಲ್ಲ, ದಾರಿಯಲ್ಲಿ ಹೋಗಲು ಜಾಗ ಇಲ್ಲ ಅಂತ. ಗಂಡಸರಿಗೆ ರಸ್ತೆಬದಿ ಪೂರ್ತಿ ಅವರದೇ. ನಮಗೆ ಮಾತ್ರ "ಇನ್ನೊಂದು ಗಂಟೆ ತಡಕೋ, ಒಳ್ಳೆ ಹೋಟೆಲ್ ಬರತ್ತೆ" ಅನ್ನುವ ಸಮಾಧಾನ. ಎ.ಸಿ. ಗಾಳಿಯಲ್ಲಿ ಆರೇಳು ಗಂಟೆ ನೀರಿಲ್ಲದೆ ಕೂತರೆ ತಲೆ ನೋಯದೆ ಏನು ಮಾಡುತ್ತದೆ? ಪೆಟ್ರೋಲ್ ಬಂಕಿನಲ್ಲಿ ಗ್ರಾಹಕರಿಗೆ ಶೌಚಾಲಯ ಇರಬೇಕೆಂಬುದು ತೈಲ ಕಂಪನಿಗಳದೇ ನಿಯಮ. ಬೀಗ ಹಾಕಿದ್ದರೆ ಕೀಲಿಕೈ ಕೇಳಿ. ಸಂಕೋಚಪಟ್ಟು ವಾಪಸು ಬಂದು ಕಾರಿನಲ್ಲಿ ಕೂರಬೇಡಿ. ಹೊರಡುವ ಮುಂಚೆಯೇ ಮನೆಯವರಿಗೆ ಹೇಳಿಬಿಡಿ, ಪ್ರತಿ ಒಂದೂವರೆ ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು ಅಂತ. ಕಾಲು ಗಂಟೆ ತಡವಾದರೆ ದೇವಸ್ಥಾನ ಓಡಿಹೋಗುವುದಿಲ್ಲ.

ಈಗ ಸೀಟಿನ ವಿಷಯಕ್ಕೆ ಬರೋಣ. ಮನೆಯಲ್ಲಿ ಜಗಳ ಆಗುವುದಿದ್ದರೆ ಇಲ್ಲಿಯೇ. ನಮ್ಮ ಮನೆಗಳಲ್ಲಿ ಮುಂದಿನ ಸೀಟು ಮಾವನವರಿಗೆ, ಅವರಿಲ್ಲದಿದ್ದರೆ ಭಾವನಿಗೆ, ಯಾರೂ ಇಲ್ಲದಿದ್ದರೆ ಹಟ ಮಾಡುವ ಮಗನಿಗೆ. ಸೊಸೆ ಹಿಂದೆ, ಅದೂ ನಡುವೆ, ಕಾಲ ಕೆಳಗೆ ತಿಂಡಿಯ ಚೀಲ. ಏಳು ಸೀಟಿನ ಗಾಡಿಯಾದರೆ ಕಡೆಯ ಸಾಲು. ಆ ಕಡೆಯ ಸಾಲು ಇರುವುದು ಹಿಂದಿನ ಚಕ್ರಗಳ ಮೇಲೆ. ಎತ್ತುವುದು ಇಳಿಸುವುದು ಎಲ್ಲಕ್ಕಿಂತ ಹೆಚ್ಚು ಅಲ್ಲೇ, ಹೊರಗೆ ಕಾಣುವುದು ಎಲ್ಲಕ್ಕಿಂತ ಕಡಿಮೆಯೂ ಅಲ್ಲೇ. ತಲೆನೋವು ಬರುವವರನ್ನು ಹುಡುಕಿ ಅಲ್ಲಿ ಕೂರಿಸಿದ ಹಾಗಿರುತ್ತದೆ ನಮ್ಮ ಏರ್ಪಾಡು! ಮರ್ಯಾದೆಗೂ ಸೀಟಿಗೂ ಗಂಟು ಹಾಕಿದ್ದು ಸಾಕು. ಕಾರಿನಲ್ಲಿ ಯಾರಿಗೆ ತಲೆ ಸಿಡಿಯುತ್ತದೋ ಅವರು ಮುಂದೆ ಕೂರಲಿ, ದೂರದ ರಸ್ತೆಯನ್ನೇ ನೋಡಲಿ. ಕಣ್ಣಿಗೂ ತಿರುವು ಕಂಡರೆ ಕಿವಿಯ ಜೊತೆ ಜಗಳ ತಾನಾಗಿ ಕಡಿಮೆಯಾಗುತ್ತದೆ. ಮಾವನವರಿಗೆ ಬೇಸರವಾದೀತು ಅಂತ ಅಂಜುವ ಬದಲು ಒಮ್ಮೆ ನೇರವಾಗಿ ಕೇಳಿ ನೋಡಿ. ಹಿರಿಯರು ನಾವು ಅಂದುಕೊಂಡಷ್ಟು ಕಠಿಣವಾಗಿರುವುದಿಲ್ಲ. ಎಷ್ಟೋ ಸಲ ಅಡ್ಡ ಬರುವುದು ಅವರಲ್ಲ, "ಅಪ್ಪ ಏನಂದುಕೊಳ್ತಾರೋ" ಅನ್ನುವ ಅವರ ಮಗ. ಮಕ್ಕಳ ವಿಷಯದಲ್ಲಂತೂ ಯೋಚನೆಯೇ ಬೇಡ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಚಿಕ್ಕ ಮಕ್ಕಳನ್ನು ಮುಂದೆ ಕೂರಿಸುವುದು, ತೊಡೆ ಮೇಲೆ ಇಟ್ಟುಕೊಳ್ಳುವುದು ಅಪಾಯ. ಅವರ ಜಾಗ ಹಿಂದೆಯೇ.

ಕೂತ ಮೇಲೆ ತಲೆಯನ್ನು ಹೆಡ್‌ರೆಸ್ಟಿಗೆ ಒರಗಿಸಿ. ಇಲ್ಲೊಂದು ನಮ್ಮದೇ ತೊಡಕು ಇದೆ. ತುರುಬು ಕಟ್ಟಿ ದೊಡ್ಡ ಕ್ಲಿಪ್ ಹಾಕಿದ್ದರೆ ತಲೆ ಒರಗುವುದೇ ಇಲ್ಲ, ಕತ್ತು ಮುಂದಕ್ಕೆ ಬಾಗಿ ಸ್ನಾಯು ಬಿಗಿಯುತ್ತದೆ. ಸಡಿಲವಾಗಿ ಒಂದು ಜಡೆ ಹಾಕಿ ಪಕ್ಕಕ್ಕೆ ಇಳಿಬಿಡಿ. ಹೂವಿನ ವಿಷಯ ಹೇಳಿದರೆ ನನಗೆ ಬೈಯ್ಯುತ್ತೀರಿ, ಆದರೂ ಹೇಳುತ್ತೇನೆ. ಮುಚ್ಚಿದ ಕಾರಿನಲ್ಲಿ ಮಲ್ಲಿಗೆ ದಂಡೆ, ಡ್ಯಾಶ್‌ಬೋರ್ಡಿನ ಗಣಪತಿಗೆ ಹಚ್ಚಿದ ಊದುಬತ್ತಿ, ಮೇಲೆ ನೇತಾಡುವ ಸೆಂಟಿನ ಬಾಟಲಿ, ಮೂರೂ ಸೇರಿದರೆ ಮೈಗ್ರೇನ್ ಇದ್ದವರು ಉಳಿಯುವುದಿಲ್ಲ. ಹೂ ಮುಡಿಯಲೇಬೇಕು ಅಂದರೆ ಕನಕಾಂಬರ ಇದೆಯಲ್ಲ, ನೋಡಲು ಚೆಂದ, ವಾಸನೆಯಿಲ್ಲ. ಮಲ್ಲಿಗೆ ಡಬ್ಬಿಯಲ್ಲಿರಲಿ, ಇಳಿದ ಮೇಲೆ ಮುಡಿಯಿರಿ. ಸೆಂಟಿನ ಬಾಟಲಿ ಮಾತ್ರ ಇವತ್ತೇ ಕಿತ್ತೆಸೆಯಿರಿ. ಟ್ಯಾಕ್ಸಿಯಾದರೆ ಡ್ರೈವರಿಗೆ ಹತ್ತುವ ಮುಂಚೆಯೇ ಹೇಳಿ, ಡಿಕ್ಕಿಯಲ್ಲಿ ಇಡುತ್ತಾರೆ.

ಎ.ಸಿ. ಹಾಕಿದಾಗ ಒಳಗಿನ ಗಾಳಿಯನ್ನೇ ತಿರುಗಿಸುವ ಒಂದು ಗುಂಡಿ ಇರುತ್ತದೆ, ಕಾರಿನ ಚಿತ್ರದೊಳಗೆ ಸುತ್ತುವ ಬಾಣ. ಹೊಗೆ ಧೂಳು ಇರುವ ಕಡೆ ಅದು ಸರಿ. ಐದು ಜನ ಕೂತು ಗಂಟೆಗಟ್ಟಲೆ ಅದರಲ್ಲೇ ಹೋದರೆ ಬಿಟ್ಟ ಉಸಿರೇ ಒಳಗೆ ತುಂಬಿ ತಲೆ ಮಂಕಾಗುತ್ತದೆ. ಆಗಾಗ ಹೊರಗಿನ ಗಾಳಿಗೆ ಬದಲಿಸಿ, ಇಲ್ಲವೇ ಐದು ನಿಮಿಷ ಗಾಜು ಇಳಿಸಿ. ಇನ್ನೊಂದು ಎಚ್ಚರಿಕೆ: ಕಾರಿನಲ್ಲಿ ಕೂತ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಇಳಿದ ಮೇಲೆ ಹೋಗುತ್ತಿದ್ದರೆ ಹೊಗೆಕೊಳವೆ ಸೋರುತ್ತಿರಬಹುದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುವ ವಿಷ. ಕೂಡಲೇ ಗಾಜು ಇಳಿಸಿ ಕಾರಿನಿಂದ ಇಳಿಯಿರಿ, ಮೆಕ್ಯಾನಿಕ್ ನೋಡುವವರೆಗೆ ಮತ್ತೆ ಹತ್ತಬೇಡಿ. ಇಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ನಿಂತ ಕಾರಿನಲ್ಲಿ ಮಲಗುವುದಂತೂ ಬೇಡವೇ ಬೇಡ.

ಮೊಬೈಲ್? ಕಾರಿನಲ್ಲಿ ವಾಟ್ಸ್ಯಾಪ್ ನೋಡುವುದು, ಮಗುವಿನ ಹೋಂವರ್ಕ್ ಓದಿ ಹೇಳುವುದು, ಹಿಂದೆ ತಿರುಗಿ ಚಕ್ಕುಲಿ ಹಂಚುವುದು, ಮೂರೂ ತಲೆನೋವಿಗೆ ಆಹ್ವಾನ. ಚಕ್ಕುಲಿ ಡಬ್ಬಿಯನ್ನು ಹಿಂದಿನವರ ಕೈಗೇ ಕೊಟ್ಟು ನೀವು ಮುಂದೆ ನೋಡಿ. ಬಿಸಿಲಿದ್ದರೆ ತಂಪು ಕನ್ನಡಕ ಹಾಕಿ. ಸಾಲುಮರದ ನಡುವೆ ಬಿಸಿಲು ನೆರಳು ಪಟಪಟ ಬಡಿಯುವುದು ಕೆಲವರಿಗೆ ಸಾಕಾಗಿಬಿಡುತ್ತದೆ.

ಗಾಡಿ ಓಡಿಸುವವರ ಕೈಯಲ್ಲೂ ಇದೆ. ಒಮ್ಮೆ ಒತ್ತಿ ಒಮ್ಮೆ ಬ್ರೇಕ್ ಹಾಕುವ ಚಾಲಕನ ಪಕ್ಕ ಕೂತರೆ ಗಟ್ಟಿ ಹೊಟ್ಟೆಯವರೂ ಸೋಲುತ್ತಾರೆ. ಈಚಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಕಾಲು ತೆಗೆದ ಕೂಡಲೇ ವೇಗ ತಗ್ಗುವುದರಿಂದ ಕೆಲವರಿಗೆ ಇನ್ನೂ ಜಾಸ್ತಿ ಆಗುತ್ತದೆ. ಅದನ್ನು ಕಡಿಮೆ ಮಾಡುವ ಸೌಲಭ್ಯ ಎಷ್ಟೋ ಕಾರುಗಳಲ್ಲಿದೆ, ಕೇಳಿ ಮಾಡಿಸಿಕೊಳ್ಳಿ. ಸಾಧ್ಯವಾದರೆ ನೀವೇ ಡ್ರೈವಿಂಗ್ ಕಲಿಯಿರಿ ಎನ್ನುತ್ತೇನೆ. ಪಕ್ಕದಲ್ಲಿ ಕೂತಾಗ ಹೊಟ್ಟೆ ತೊಳಸುವವರಿಗೂ ಸ್ಟೀರಿಂಗ್ ಹಿಡಿದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ತಲೆನೋವು ಶುರುವಾಗಿದ್ದಾಗ, ಮಾತ್ರೆ ನುಂಗಿದ್ದಾಗ ಓಡಿಸಬೇಡಿ.

ಮಾತ್ರೆ ಅಂದೆ. ಅವೊಮಿನ್ ಹೆಸರು ಕೇಳದ ಮನೆಯಿಲ್ಲ. ಅದರಲ್ಲಿರುವುದು ಪ್ರೊಮೆಥಜೀನ್, ಕೆಲಸ ಮಾಡುತ್ತದೆ. ಆದರೆ ನಾವು ನುಂಗುವುದು ವಾಂತಿ ಗಂಟಲಿಗೆ ಬಂದ ಮೇಲೆ! ಹೊರಡುವ ಒಂದೆರಡು ಗಂಟೆ ಮುಂಚೆ, ದೂರದ ಪ್ರಯಾಣವಾದರೆ ಹಿಂದಿನ ರಾತ್ರಿ ತೆಗೆದುಕೊಂಡರೇ ಪ್ರಯೋಜನ. ನಿದ್ದೆ ಬರಿಸುತ್ತದೆ, ನೆನಪಿರಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಬಸುರಿಯರು, ಗ್ಲಾಕೋಮಾ ಇರುವವರು, ಬೇರೆ ಔಷಧಿ ನುಂಗುತ್ತಿರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಶುಂಠಿ ಚೂರು, ನಿಂಬೆಹಣ್ಣು ಮೂಸುವುದು ಕೆಲವರಿಗೆ ಹಿತ, ಮಾಡಿ, ಖರ್ಚೇನಿಲ್ಲ. ತಲೆನೋವಿನ ಮಾತ್ರೆಯನ್ನು ಮಾತ್ರ ಪೆಪ್ಪರಮೆಂಟಿನ ಹಾಗೆ ಪರ್ಸಿನಲ್ಲಿ ಇಟ್ಟುಕೊಂಡು ನುಂಗಬೇಡಿ. ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರಿಸತೊಡಗುತ್ತದೆ. ಆಗ ವೈದ್ಯರ ಹತ್ತಿರ ಹೋಗಿ. ಮೈಗ್ರೇನ್ ಪದೇ ಪದೇ ಬರದಂತೆ ತಡೆಯುವ ಔಷಧಿಗಳಿವೆ.

ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ಭಾರೀ ತಲೆನೋವು, ಜೊತೆಗೆ ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಂದಿಗೆ ಕತ್ತು ಬಿಗಿಯುವುದು, ಇವು ಕಾರಿನ ತಲೆನೋವಲ್ಲ. ಕಾರನ್ನು ಸೀದಾ ಆಸ್ಪತ್ರೆಗೆ ತಿರುಗಿಸಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಒಮ್ಮೆ ತೋರಿಸಿ.

ನಮ್ಮ ಗೆಳತಿ ಕೊನೆಗೂ ಹೋಗಿಬಂದರು. ಮನೆಯವರ ಮುಂದೆ ಎಲ್ಲ ಬಾಯಿಬಿಟ್ಟು ಹೇಳಲು ಅವರಿಗೆ ಮೂರು ವಾರ ಬೇಕಾಯಿತು. ಹೊರಟದ್ದು ಐದಕ್ಕಲ್ಲ, ಏಳಕ್ಕೆ, ನಿದ್ದೆ ಮಾಡಿ, ಕಾಫಿ ಕುಡಿದು. ಪುಳಿಯೋಗರೆ ಕಟ್ಟಲಿಲ್ಲ. ಮುಂದಿನ ಸೀಟು ಬಿಟ್ಟುಕೊಟ್ಟವರು ಅವರ ಅತ್ತೆ! "ನಂಗೂ ಮೊದಲಿಂದ ಹೀಗೇ ಆಗ್ತಿತ್ತು, ಯಾರಿಗೂ ಹೇಳಿರಲಿಲ್ಲ" ಅಂದರಂತೆ. ಹೋಗುವಾಗ ಸೊಸೆ ಮುಂದೆ, ಬರುವಾಗ ಅತ್ತೆ ಮುಂದೆ. ತಲೆನೋವು ಪೂರ್ತಿ ಹೋಗಲಿಲ್ಲ, ಕೊಪ್ಪ ದಾಟಿದ ಮೇಲೆ ಸ್ವಲ್ಪ ಬಂತು, ಇಳಿದು ಹತ್ತು ನಿಮಿಷ ನಿಂತರು. ತವರಿನ ಅಂಗಳಕ್ಕೆ ಕಾರು ತಿರುಗಿದಾಗ ತಾಯಿ ಬಾಗಿಲಲ್ಲೇ ಇದ್ದರಂತೆ. ಅವತ್ತು ಒಳಮನೆಯಲ್ಲಿ ದೀಪ ಆರಿಸಲಿಲ್ಲ.