ಬಾಡಿಗೆ ಮನೆಯಲ್ಲೂ ನಾಯಿಗೊಂದು ಜಾಗ
ನನ್ನ ಬದುಕಿನ ಒಂದೊಂದು ಕಾಲವನ್ನೂ ಒಂದೊಂದು ಪ್ರಾಣಿಯ ಹೆಸರಿನಲ್ಲೇ ನೆನೆಯುತ್ತೇನೆ. ತೀರ್ಥಹಳ್ಳಿಯ ಕೊಟ್ಟಿಗೆಯಲ್ಲಿ ಗೌರಿ ಎಂಬ ಮಲೆನಾಡು ಗಿಡ್ಡ ಹಸು, ಬೆಂಗಳೂರಿನಲ್ಲಿ ಬೀದಿಯಿಂದ ಬಂದು ನಮ್ಮವನೇ ಆದ ಕರಿಯ ಎಂಬ ನಾಯಿ. ನಾನು ಸಿಡ್ನಿಗೆ ಹೊರಟಾಗ ಕರಿಯ ಅಮ್ಮನ ಬಳಿ ಉಳಿದ. ಭಾರತದಿಂದ ನಾಯಿಯನ್ನು ನೇರವಾಗಿ ಆಸ್ಟ್ರೇಲಿಯಾಕ್ಕೆ ತರುವಂತಿಲ್ಲ. ಮೊದಲು ಇಲ್ಲಿನ ಸರ್ಕಾರ ಒಪ್ಪಿದ ಬೇರೊಂದು ದೇಶದಲ್ಲಿ ತಿಂಗಳುಗಟ್ಟಲೆ ಇರಿಸಬೇಕು, ಆಮೇಲೆ ಮೆಲ್ಬರ್ನ್ ಹೊರವಲಯದ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರ. ಮನೆ ಸಿಡ್ನಿಯಲ್ಲಿದ್ದರೂ ನಾಯಿ ಇಳಿಯುವುದು ಅಲ್ಲೇ. ನಾಯಿಗಳ ರೇಬೀಸ್ ಇಲ್ಲದ ನಾಡು ಆ ಸ್ಥಿತಿಯನ್ನು ಕಾಪಾಡಿಕೊಳ್ಳಲೇಬೇಕು. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿದ್ದದ್ದು, ಕಾರಣವನ್ನೇ ಹೇಳದೆ ‘ಪ್ರಾಣಿ ಬೇಡ’ ಎನ್ನುತ್ತಿದ್ದ ಬಾಡಿಗೆ ಪದ್ಧತಿಯ ಮೇಲೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ ಅದನ್ನು 2020ರ ಮಾರ್ಚ್‌ನಲ್ಲೇ ತಿದ್ದಿತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಎಚ್ಚೆತ್ತದ್ದು 2025ರ ಮೇ 19ಕ್ಕೆ. ಈಗ ಸಿಡ್ನಿಯ ಮಾಲೀಕರು ಪ್ರಾಣಿ ಸಾಕುವ ಕೋರಿಕೆಗೆ 21 ದಿನಗಳಲ್ಲಿ ಉತ್ತರಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ನಿರಾಕರಿಸಲು ಕಾನೂನಿನಲ್ಲಿರುವ ಕಾರಣವೇ ಬೇಕು. ಪ್ರಾಣಿಯ ನೆಪದಲ್ಲಿ ಬಾಡಿಗೆ, ಠೇವಣಿ ಏರಿಸುವಂತಿಲ್ಲ. ಒಳ್ಳೆಯದೇ, ಆದರೆ ಸಾಲದು. ಮೆಲ್ಬರ್ನ್‌ನಲ್ಲಿ ಬೇಡವೆನ್ನುವ ಮಾಲೀಕರೇ 14 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಸಿಡ್ನಿಯಲ್ಲಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾದದ್ದು ಬಾಡಿಗೆದಾರ. ಹೊಸದಾಗಿ ವಲಸೆ ಬಂದವರು, ಒಂಟಿ ಮುದುಕರು ಮಾಲೀಕರನ್ನು ಎದುರು ಹಾಕಿಕೊಂಡು ಅಲ್ಲಿಗೆ ಹೋಗುತ್ತಾರೆಯೇ? ಹೋಗುವುದಿಲ್ಲ, ನಾಯಿಯನ್ನೇ ಬಿಟ್ಟುಕೊಡುತ್ತಾರೆ. ಆ ಹೊರೆಯನ್ನು ಸಿಡ್ನಿಯಲ್ಲೂ ಮಾಲೀಕರ ಹೆಗಲಿಗೇ ಹೊರಿಸಬೇಕು.