ಪಾವು ದ್ರಾಕ್ಷಿ ಎಷ್ಟು ಗ್ರಾಂ?

ಮಕ್ಕಳೇ, ನಿಮ್ಮ ಈ ತಾತ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೊರಡುವ ಹಾಗಿರಲಿಲ್ಲ. ಅಂಥವನ ಲೆಕ್ಕ ಕಳೆದ ತಿಂಗಳು ಅಡುಗೆಮನೆಯಲ್ಲಿ ತಪ್ಪಿತು.

ಮಗಳು ಬಾಣಂತಿ. ತವರಿನಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅತ್ತೆಮನೆಯಲ್ಲೇ ಇದ್ದಾಳೆ. ಇಲ್ಲಿ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅಂಟಿನುಂಡೆಯನ್ನಾದರೂ ಕಳಿಸೋಣ ಎಂದು ನಾನೇ ಪಂಚೆ ಎತ್ತಿ ಕಟ್ಟಿದೆ. ನನ್ನ ಹೆಂಡತಿ ಹೋಗಿ ಎರಡು ವರ್ಷವಾಯಿತು. ಅವಳ ಅಡುಗೆ ಪುಸ್ತಕ ಇದೆ. ಅದರಲ್ಲಿ ಒಣದ್ರಾಕ್ಷಿ ಒಂದು ಪಾವು, ಬಾದಾಮಿ ಒಂದು ಪಾವು, ಕೊಬ್ಬರಿ ತುರಿ ಒಂದು ಪಾವು, ಹೆಚ್ಚಿದ ಉತ್ತುತ್ತೆ ಒಂದು ಪಾವು ಎಂದು ಬರೆದಿದೆ. ಅಂಗಡಿಯವನು ಕೊಡುವುದು ಗ್ರಾಂ ಲೆಕ್ಕದಲ್ಲಿ.

ನಾನು ಚಿಕ್ಕಂದಿನಲ್ಲಿ ಕಲಿತದ್ದು ನೆನಪಾಯಿತು. 80 ತೊಲಕ್ಕೆ ಒಂದು ಸೇರು, ಈಗಿನ ತೂಕದಲ್ಲಿ ಸುಮಾರು 933 ಗ್ರಾಂ. ಪಾವು ಅದರ ಕಾಲುಭಾಗ, 233 ಗ್ರಾಂ. ಎಲ್ಲವನ್ನೂ 233ರಂತೆ ಚೀಟಿ ಬರೆದೆ. ಬೆಲ್ಲ ಮಾತ್ರ ಪುಸ್ತಕದಲ್ಲಿದ್ದಂತೆ ಎರಡು ಅಚ್ಚು. ಉಂಡೆ ಕಟ್ಟಲು ಕೂತರೆ ಕೈಯಲ್ಲಿ ನಿಲ್ಲದು. ಹಿಡಿದಷ್ಟೂ ಉದುರಿತು.

ಆರನೆಯ ತರಗತಿಯ ಮೊಮ್ಮಗಳು ಬಂದು, "ತಾತ, ಅಜ್ಜಿ ತೂಕ ಮಾಡ್ತಾನೇ ಇರಲಿಲ್ಲ. ಆ ಹಿತ್ತಾಳೆ ಪಾವಲ್ಲಿ ಅಳೀತಿದ್ರು," ಎಂದಳು.

ಹೌದಲ್ಲ! ಸೇರು ಎಂಬ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. ನಾನು ಒಂದನ್ನು ಇನ್ನೊಂದರ ಖಾತೆಗೆ ಜಮಾ ಮಾಡಿದ್ದೆ.

ಪಾವನ್ನು ಹುಣಸೆಹಣ್ಣು ಹಾಕಿ ತೊಳೆದು, ಸೊಸೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದೆವು. 240 ಗ್ರಾಂ ಬಂತು. ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್, ಆದ್ದರಿಂದ ನಮ್ಮ ಪಾವು 240 ಮಿಲಿಲೀಟರಿನದು. ನನ್ನ 233 ನೀರಿಗೆ ಹೆಚ್ಚುಕಡಿಮೆ ಸರಿಯೇ! ಆದರೆ ನೀರಿನಲ್ಲಿ ಉಂಡೆ ಕಟ್ಟುತ್ತಾರೆಯೇ?

ಒಂದೊಂದನ್ನೇ ತುಂಬಿ ತೂಗಿದೆವು. ಮೊಮ್ಮಗಳು ಬರೆದುಕೊಂಡಳು. ಇಡೀ ಬಾದಾಮಿ ಸುಮಾರು 140 ಗ್ರಾಂ. ಅದನ್ನೇ ಪುಡಿ ಮಾಡಿ ತುಂಬಿದರೆ 95! ಪುಡಿಯ ನಡುವೆ ಗಾಳಿ ಕೂತಿರುತ್ತದೆ. ಬೀಜ ತೆಗೆದು ಹೆಚ್ಚಿದ ಉತ್ತುತ್ತೆ 145ರ ಆಸುಪಾಸು. ಅಂಗಡಿಯಲ್ಲಿ ಬೀಜಕ್ಕೂ ದುಡ್ಡು ಕೊಟ್ಟಿರುತ್ತೇವೆ, ಕೊಳ್ಳುವಾಗ ಅಷ್ಟು ಹೆಚ್ಚು ಕೊಳ್ಳಬೇಕು. ಕೊಬ್ಬರಿ ತುರಿ ಬರೀ 80. ನಾನು ಸುರಿದಿದ್ದದ್ದು ಅದರ ಸುಮಾರು ಮೂರರಷ್ಟು. ಬೆಲ್ಲ ಪಾಪ ಎಷ್ಟನ್ನು ಹಿಡಿದೀತು?

ದ್ರಾಕ್ಷಿಯದೇ ತಕರಾರು. ಸುಮ್ಮನೆ ತುಂಬಿದರೆ 145, ಅದುಮಿದರೆ 165. ಜಿಗುಟು ಹಣ್ಣು, ಒತ್ತಿದಷ್ಟೂ ಒಳಗೆ ಇಳಿಯುತ್ತದೆ. ಅವಳು ಅದುಮುತ್ತಿದ್ದಳೋ ಇಲ್ಲವೋ ನಾನು ಒಂದು ದಿನವೂ ನೋಡಿರಲಿಲ್ಲ. ನಲವತ್ತು ವರ್ಷ ತಿಂದದ್ದು ಮಾತ್ರ. 165 ಇರಲಿ ಎಂದೆ.

ಮನೆಯಲ್ಲಿ ಪಾವಿಲ್ಲದಿದ್ದರೆ ಬಟ್ಟಲಾದರೂ ಆಗುತ್ತದೆ, ಮೊದಲು ಅದಕ್ಕೆ ಎಷ್ಟು ನೀರು ಹಿಡಿಯುತ್ತದೆಂದು ತೂಗಿ ನೋಡಿ. ಅಮೆರಿಕದ ಅಡುಗೆ ಪುಸ್ತಕದ ಕಪ್ಪು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250. ತಕ್ಕಡಿಯ ಕೆಲಸ ದೊಡ್ಡವರ ಮುಂದೆ ಮಾಡಿ, ಅದಕ್ಕೆ ನೀರು ತಾಗಿಸಬೇಡಿ.

ಎರಡನೆಯ ಸಲ ಉಂಡೆ ನಿಂತವು. ಅವಳ ಪುಸ್ತಕದಲ್ಲಿ ಪ್ರತಿ ಸಾಲಿನ ಪಕ್ಕ ಗ್ರಾಂ ಬರೆದೆ. ಪೆನ್ನಿನಲ್ಲಿ ಬರೆಯಲು ಮನಸ್ಸಾಗದೆ ಪೆನ್ಸಿಲಿನಲ್ಲೇ ಬರೆದೆ.

ಡಬ್ಬಿ ತಲುಪಿದ ಸಂಜೆ ಮಗಳು ಫೋನು ಮಾಡಿದಳು. ಒಂದು ಉಂಡೆ ತಿಂದು ಮುಗಿಸುವವರೆಗೂ ಮಾತಿಲ್ಲ. ಆಮೇಲೆ, "ಅಪ್ಪ, ಚೆನ್ನಾಗಿದೆ. ದ್ರಾಕ್ಷಿ ಒಂಚೂರು ಜಾಸ್ತಿ. ಅಮ್ಮ ಇಷ್ಟು ಹಾಕ್ತಿರಲಿಲ್ಲ," ಎಂದಳು.

ರಬ್ಬರು ಹುಡುಕಿ 165 ಅಳಿಸಿ 145 ಎಂದು ಬರೆದೆ.